ಪಾರ್ಶ್ವವಾಯು: ಔಷಧಸಹಿತ ಮತ್ತು ಔಷಧರಹಿತ ಹೆಪ್ಪು ನಿವಾರಣೆ

ಮಿದುಳಿನ ದೊಡ್ಡ ಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತಾಗ ಉಂಟಾಗುವ, ಕಲಬುರಗಿ ಸೀಮೆಯ ಜನ ಲಕ್ವಾ ಎಂದು ಕರೆಯುವ ಪಾರ್ಶ್ವವಾಯುವಿಗೆ ಎರಡು ತುರ್ತು ಚಿಕಿತ್ಸೆಗಳಿವೆ. ರಕ್ತನಾಳಕ್ಕೆ ಔಷಧ ಚುಚ್ಚಿ ಹೆಪ್ಪನ್ನು ಕರಗಿಸುವುದು ಒಂದು. ತೊಡೆಸಂದಿನ ಧಮನಿಯಿಂದ ಕ್ಯಾಥೆಟರ್ ಎಂಬ ಸಪೂರ ಕೊಳವೆಯನ್ನು ಮಿದುಳಿನವರೆಗೆ ಸಾಗಿಸಿ, ತಂತಿಬಲೆಯಂಥ ಸ್ಟೆಂಟಿಗೆ ಹೆಪ್ಪನ್ನು ಸಿಕ್ಕಿಸಿ ಅಥವಾ ಹೀರಿ ಹೊರತೆಗೆಯುವ ಥ್ರಾಂಬೆಕ್ಟಮಿ ಇನ್ನೊಂದು.

ಆಲ್ಟೆಪ್ಲೇಸ್ ಔಷಧವನ್ನು ಮೊದಲ 3 ಗಂಟೆಯೊಳಗೆ ಕೊಟ್ಟರೆ ಅಂಗವೈಕಲ್ಯ ತಗ್ಗುತ್ತದೆ ಎಂದು ಅಮೆರಿಕದ ಎನ್‌ಐಎನ್‌ಡಿಎಸ್ ಪ್ರಯೋಗ 1995ರಲ್ಲಿ ತೋರಿಸಿತು. 2008ರಲ್ಲಿ ಯುರೋಪಿನ ಇಕ್ಯಾಸ್-3 ಈ ಅವಧಿಯನ್ನು 4.5 ಗಂಟೆಗೆ ವಿಸ್ತರಿಸಿತು. ಆದರೆ ದೊಡ್ಡ ಧಮನಿಯ ಹೆಪ್ಪು ಔಷಧಕ್ಕೆ ಸುಲಭವಾಗಿ ಜಗ್ಗುತ್ತಿರಲಿಲ್ಲ. ನೆದರ್ಲೆಂಡ್ಸಿನ ಎಂಆರ್ ಕ್ಲೀನ್ ಸೇರಿ 2015ರಲ್ಲಿ ಪ್ರಕಟವಾದ ಐದು ಪ್ರಯೋಗಗಳು ಥ್ರಾಂಬೆಕ್ಟಮಿಯ ಮೇಲ್ಮೆಯನ್ನು ಸ್ಥಾಪಿಸಿದವಾದರೂ, ಅವುಗಳ ಬಹುತೇಕ ರೋಗಿಗಳಿಗೆ ಆಲ್ಟೆಪ್ಲೇಸನ್ನೂ ಕೊಟ್ಟಿದ್ದರಿಂದ, ಫಲಿತಾಂಶದಲ್ಲಿ ಔಷಧದ ಪಾಲೆಷ್ಟು ಎಂಬುದು ಬಗೆಹರಿಯಲಿಲ್ಲ. ಕೊಳವೆ ತಲುಪದ ಸಣ್ಣ ನಾಳಗಳನ್ನು ಔಷಧ ತೆರೆಯುತ್ತದೆ ಎಂದು ಕೆಲವರು ವಾದಿಸಿದರೆ, ಅದು ಮಿದುಳಿನ ರಕ್ತಸ್ರಾವವನ್ನು ಹೆಚ್ಚಿಸುತ್ತದೆ, ಹೆಪ್ಪನ್ನು ಚೂರುಮಾಡಿ ಮುಂದಕ್ಕೆ ತಳ್ಳುತ್ತದೆ, ಮೇಲಾಗಿ ದುಬಾರಿ ಎಂದು ಉಳಿದವರು ಆಕ್ಷೇಪಿಸಿದರು.

ಚೀನಾದ 656 ರೋಗಿಗಳ ಡೈರೆಕ್ಟ್-ಎಂಟಿ ಪ್ರಯೋಗ 2020ರಲ್ಲಿ, ಔಷಧವಿಲ್ಲದ ನೇರ ಥ್ರಾಂಬೆಕ್ಟಮಿಯು ಜೋಡಿ ಚಿಕಿತ್ಸೆಗೆ ಸರಿಗಟ್ಟುತ್ತದೆ ಎಂದಿತು. ಜಪಾನಿನ ಸ್ಕಿಪ್ ಮತ್ತು ಯುರೋಪಿನ ಎಂಆರ್ ಕ್ಲೀನ್-ನೋ ಐವಿ ಅದನ್ನು ಸಾಬೀತುಪಡಿಸಲಾರದೆ ಹೋದವು. ಇಂಥ ಆರು ಪ್ರಯೋಗಗಳ 2,313 ರೋಗಿಗಳ ವಿವರಗಳನ್ನು ಒಗ್ಗೂಡಿಸಿದ 2023ರ ಐರಿಸ್ ವಿಶ್ಲೇಷಣೆಯಲ್ಲಿ, 90 ದಿನಗಳ ಬಳಿಕ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರು ನೇರ ಚಿಕಿತ್ಸೆ ಪಡೆದವರಲ್ಲಿ ಶೇ 49, ಜೋಡಿ ಚಿಕಿತ್ಸೆ ಪಡೆದವರಲ್ಲಿ ಶೇ 51 ಇದ್ದರು. ಅಂತರ ಅಲ್ಪವೇ, ಆದರೂ ಔಷಧವನ್ನು ಕೈಬಿಡಬಹುದೆನ್ನಲು ಬೇಕಾದ ಖಚಿತತೆ ದೊರೆಯಲಿಲ್ಲ. ಲಕ್ಷಣ ಕಾಣಿಸಿದ 2 ಗಂಟೆ 20 ನಿಮಿಷದೊಳಗೆ ಔಷಧ ಪಡೆದವರಿಗೆ ಅದರಿಂದ ಲಾಭವಿದೆ ಎಂದು ಅದೇ ದತ್ತಾಂಶದ 2024ರ ಮರುಪರಿಶೀಲನೆ ತಿಳಿಸಿತು. ಮರುವರ್ಷ ಚೀನಾದ ಬ್ರಿಜ್-ಟಿಎನ್‌ಕೆ, ಒಂದೇ ಚುಚ್ಚಿನಲ್ಲಿ ಮುಗಿಯುವ ಟೆನೆಕ್ಟೆಪ್ಲೇಸನ್ನು ಮೊದಲು ಕೊಟ್ಟಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರ ಪ್ರಮಾಣ ಶೇ 44.1ರಿಂದ ಶೇ 52.9ಕ್ಕೆ ಏರಿದ್ದನ್ನು ವರದಿ ಮಾಡಿತು.

ಐರಿಸ್‌ನ ಆರೂ ಪ್ರಯೋಗಗಳು ಥ್ರಾಂಬೆಕ್ಟಮಿ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಬಂದವರನ್ನು ಕುರಿತವು ಎಂಬುದು ಚರ್ಚೆಗಳಲ್ಲಿ ಹಲವೊಮ್ಮೆ ಮರೆತುಹೋಗುತ್ತದೆ. ಆಳಂದ ಹಾಗೂ ಭೀಮಾ ನದಿಯಾಚೆಯ ಜೇವರ್ಗಿ ಕಲಬುರಗಿಯಿಂದ ಸುಮಾರು 40 ಕಿ.ಮೀ. ದೂರದಲ್ಲಿವೆ, ಅಫಜಲಪುರ ಇನ್ನೂ ದೂರ. ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ 108 ಆಂಬುಲೆನ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಸಾಗುವ ರೋಗಿಯ ವಿಷಯದಲ್ಲಿ, ಥ್ರಾಂಬೆಕ್ಟಮಿ ಹೇಗೂ ಆಗಲಿದೆಯೆಂದು ಔಷಧ ತಡೆಹಿಡಿಯಲು ಈ ಪ್ರಯೋಗಗಳಲ್ಲಿ ಆಧಾರವಿಲ್ಲ. ಔಷಧ ಕೊಟ್ಟು ಮುಂದಕ್ಕೆ ಕಳಿಸುವ ಕ್ರಮವೇ ಇಲ್ಲಿಗೆ ಹೊಂದುತ್ತದೆ. ಅದಕ್ಕಿರುವ ತೊಡಕು ಬೇರೆ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೃದಯಾಘಾತಕ್ಕೆ ಉಚಿತವಾಗಿ ನೀಡುವುದೂ ಇದೇ ಟೆನೆಕ್ಟೆಪ್ಲೇಸ್. ಅಲ್ಲಿ ಇಸಿಜಿ ನೋಡಿ ಔಷಧ ಕೊಡಬಹುದು. ಲಕ್ವಾದಲ್ಲಿ ಮಾತ್ರ, ಕೈಕಾಲು ಸೋತಿರುವುದು ಹೆಪ್ಪಿನಿಂದಲೋ ನಾಳ ಒಡೆದ ರಕ್ತಸ್ರಾವದಿಂದಲೋ ಎಂಬುದು ಹೊರನೋಟಕ್ಕೆ ತಿಳಿಯದ ಕಾರಣ, ರಕ್ತಸ್ರಾವವಿದ್ದರೆ ಈ ಔಷಧ ಪ್ರಾಣಕ್ಕೇ ಎರವಾಗುವುದರಿಂದ, ಸಿಟಿ ಸ್ಕ್ಯಾನ್ ಆಗುವವರೆಗೆ ಸೂಜಿ ಎತ್ತುವಂತಿಲ್ಲ.