‘ಲಾ’ ಅಂದ್ರೆ ತಗೋ: ಅಬುಜಾ ನೆಲದ ಒಂದು ಕ್ರಿಯಾಪದದ ಕಥೆ

‘ನಿನ್ನೆ ಬೇಗ ಮಲ್ಕೊಂಡೆ’ ಅಂತ ನೀವು ಎಷ್ಟೋ ಸಲ ಹೇಳಿರ್ತೀರಿ. ಇದರಲ್ಲಿರೋ ‘ಕೊಂಡೆ’ ಯಾವುದು? ‘ಪುಸ್ತಕ ಕೊಂಡೆ’ ಅಂತೀವಲ್ಲ, ಅದೇ ‘ಕೊಳ್ಳು’. ಆದ್ರೆ ಮಲಗುವಾಗ ನಾವೇನೂ ಕೊಳ್ಳಲ್ಲ. ಬಳಸಿ ಬಳಸಿ ಹಳೇ ಅರ್ಥ ಸವೆದಿದೆ. ವ್ಯಾಕರಣದ ಕೆಲಸ ಮಾತ್ರ ಉಳಿದಿದೆ.

ಹೀಗೇ ಸವೆದ ಇನ್ನೊಂದು ಕ್ರಿಯಾಪದದ ಕಥೆ ಇವತ್ತು ಹೇಳ್ತೀನಿ. ಅದು ಇರೋದು ನೈಜೀರಿಯಾದ ನಡುಭಾಗದಲ್ಲಿ. ಅಲ್ಲಿ ಗ್ಬಾರಿ ಮತ್ತು ಗ್ಬಾಗ್ಯಿ ಅನ್ನೋ ಎರಡು ಸೋದರ ಭಾಷೆಗಳಿವೆ. ಹೆಸರಿನ ಮೊದಲಲ್ಲಿ ‘ಗ’ ಮತ್ತು ‘ಬ’ ಎರಡನ್ನೂ ಒಟ್ಟಿಗೇ ಉಚ್ಚರಿಸ್ಬೇಕು. ಹೌಸಾ ಮಾತಾಡುವವರು ಈ ಜನರನ್ನು ‘ಗ್ವಾರಿ’ ಅಂದ್ರು. ಹೊರಗಿನವರ ಬರಹಗಳಲ್ಲಿ ಅದೇ ಹೆಸರು ಉಳೀತು.

ಕನ್ನಡದ ಹಾಗೆ ಬಂದೆ, ಬಂದಳು, ಬಂದರು ಅಂತ ಕ್ರಿಯಾಪದದ ಕೊನೆ ಇಲ್ಲಿ ಬದಲಾಗಲ್ಲ. ಸಾಮಾನ್ಯವಾಗಿ ಕ್ರಿಯಾಪದ ಮೊದಲು, ವಸ್ತು ಆಮೇಲೆ: ‘ಅವನು - ಕೊಳ್ಳು - ಗೆಡ್ಡೆ’ ಅನ್ನೋ ಥರ. ಆದ್ರೆ ಕೆಲಸ ಮುಗಿದಿದೆ ಅಂತ ಹೇಳೋವಾಗ ಈ ಸಾಲು ತಿರುಗುತ್ತೆ: ‘ಅವನು - ಲಾ - ಗೆಡ್ಡೆ - ಕೊಳ್ಳು’.

ಈ ‘ಲಾ’ ಏನು? ಅದರ ಮೂಲ ಅರ್ಥ ‘ತಗೋ’. ‘ಮತ್ತು’ ಅನ್ನೋ ಪದ ಇಲ್ಲದೆ ಎರಡು ಕ್ರಿಯಾಪದಗಳನ್ನು ಒಂದೇ ವಾಕ್ಯದಲ್ಲಿ ಪೋಣಿಸೋದು ಪಶ್ಚಿಮ ಆಫ್ರಿಕಾದ ಹಲವು ಭಾಷೆಗಳಲ್ಲಿ ಮಾಮೂಲು. ಅಂಥ ಜೋಡಿಯಲ್ಲಿ ಮೊದಲ ಪದವಾಗಿದ್ದ ‘ತಗೋ’ ನಿಧಾನವಾಗಿ ವ್ಯಾಕರಣದ ಗುರುತಾಯ್ತು. ಆದ್ರೂ ಹಳೇ ನೆನಪು ಬಿಟ್ಟಿಲ್ಲ. ಒಂದೇ ಗೆಡ್ಡೆ ಇದ್ರೆ ‘ಲಾ’, ಹಲವು ಇದ್ರೆ ‘ಕು’. ಯಾಕಂದ್ರೆ ಒಂದನ್ನು ತಗೊಳ್ಳೋದಕ್ಕೂ ಹಲವನ್ನು ತಗೊಳ್ಳೋದಕ್ಕೂ ಅಲ್ಲಿ ಬೇರೆ ಬೇರೆ ಕ್ರಿಯಾಪದ.

ವ್ಯಾಕರಣ ಅಂದ್ರೆ ಪರೀಕ್ಷೆಗೆ ಬಾಯಿಪಾಠ ಮಾಡೋದು ಅಂತ ನಾನು ಅಂದ್ಕೊಂಡಿದ್ದೆ. ಈ ಎರಡು ಪುಟ್ಟ ಪದ ನೋಡಿದ ಮೇಲೆ ಅನಿಸ್ತು, ಇದೂ ಇತಿಹಾಸವೇ. ಶಾಸನ ಕೆತ್ತಿಸದ ಜನ ತಮ್ಮ ಹಿಂದಿನದನ್ನು ಮಾತಿನಲ್ಲೇ ಕಾಪಾಡಿದ್ದಾರೆ.

1970ರಲ್ಲಿ ಲ್ಯಾರಿ ಹೈಮನ್ ಮತ್ತು ಡೇನಿಯಲ್ ಮಗಾಜಿ ಗ್ವಾರಿ ವ್ಯಾಕರಣದ ಪುಸ್ತಕವನ್ನು ಇಬಾದಾನ್‌ನಲ್ಲಿ ಪ್ರಕಟಿಸಿದ್ರು. ಇದಾಗಿ ಆರೇ ವರ್ಷಕ್ಕೆ, 1976ರಲ್ಲಿ, ನೈಜೀರಿಯಾ ಸರ್ಕಾರ ಹೊಸ ರಾಜಧಾನಿಗೆ ಜಾಗ ಗೊತ್ತುಮಾಡಿತು. ದೇಶದ ನಡುವೆ ಇದೆ, ಜನ ಕಡಿಮೆ, ಯಾವ ದೊಡ್ಡ ಸಮುದಾಯದ ಹಿಡಿತವೂ ಇಲ್ಲ ಅನ್ನೋದು ಕಾರಣ. ಅದೇ ಅಬುಜಾ. ಆದ್ರೆ ಆ ನೆಲ ಖಾಲಿ ಇರಲಿಲ್ಲ. ಅಲ್ಲಿ ಗ್ಬಾರಿ, ಗ್ಬಾಗ್ಯಿ ಮಾತಾಡೋ ರೈತರ ಊರುಗಳಿದ್ವು. ಎಷ್ಟೋ ಕುಟುಂಬಗಳು ಊರು ಬಿಡ್ಬೇಕಾಯ್ತು. 1991ರ ಡಿಸೆಂಬರ್ 12ರಂದು ರಾಜಧಾನಿ ಲಾಗೋಸ್‌ನಿಂದ ಅಲ್ಲಿಗೆ ಬಂತು.

ಊರು ಚದುರಿದ್ರೆ ಅಜ್ಜಿ ಒಂದು ಕಡೆ, ಮೊಮ್ಮಕ್ಕಳು ಇನ್ನೊಂದು ಕಡೆ. ಸಂತೆಯಲ್ಲಿ ಹೌಸಾ, ಶಾಲೆಯಲ್ಲಿ ಇಂಗ್ಲಿಷ್. ಹೀಗಾದಾಗ ‘ಲಾ’ ಎಲ್ಲಿ, ‘ಕು’ ಎಲ್ಲಿ ಅಂತ ಮಕ್ಕಳಿಗೆ ತಿದ್ದೋರು ಯಾರು? ನೆಲ ಕಳ್ಕೊಂಡವರಿಗೆ ಪರಿಹಾರದ ಲೆಕ್ಕವಾದ್ರೂ ಕೇಳಬಹುದು. ಮನೆಮಾತು ಕಳ್ಕೊಂಡ್ರೆ ಯಾವ ಕಚೇರಿಯಲ್ಲಿ ಅರ್ಜಿ ಹಾಕೋದು?

ಇವತ್ತು ರಾತ್ರಿ ‘ಮಲ್ಕೊಂಡೆ’ ಅನ್ನೋ ಮುಂಚೆ ಆ ‘ಕೊಂಡೆ’ಯನ್ನ ಒಮ್ಮೆ ನೆನೆಸ್ಕೊಳ್ಳಿ. ಮತ್ತೆ ಸಿಗೋಣ.