ಫೋನ್ ತಂತಿಯ ಕೊನೇ ಸಾಲು

ಮೊನ್ನೆ ಜೋಗುಪಾಳ್ಯದ ಅಕ್ಕನ ಮನೆಗೆ ಸೊಪ್ಪು ಕೊಡೋಕೆ ಹೋಗಿದ್ದೆ. ಫೈಬರ್ ಹಾಕಿಸಿದ್ದಾರೆ. ಹಳೇ ತಾಮ್ರದ ಲೈನ್ ಕಿತ್ತು ಗುಜರಿಗೆ ಹಾಕೋಣ ಅಂದ ಅಕ್ಕನ ಮಗ. ತಡಿಯಪ್ಪ, ಅದಕ್ಕೂ ಒಂದು ಚರಿತ್ರೆ ಇದೆ ಅಂದೆ.

1948ರಲ್ಲಿ ಕೆ.ಆರ್.ಪುರದ ಹತ್ತಿರ ಐಟಿಐ ಕಾರ್ಖಾನೆ ಶುರುವಾಯ್ತು. ಅಲ್ಲಿನ ಬಡಾವಣೆಗೆ ದೂರವಾಣಿನಗರ ಅಂತಲೇ ಹೆಸರು. ಫೋನೂ, ಎಕ್ಸ್‌ಚೇಂಜ್ ಯಂತ್ರಗಳೂ ಅಲ್ಲಿ ತಯಾರಾದ್ವು. ಆ ಕಾಲದ ಜೋಡಿ ತಂತಿ ಎಳೆದಿದ್ದು ಬರೀ ಮಾತಿಗೆ. ಮಾತಿಗೆ 3,400 ಹರ್ಟ್ಸ್ ತನಕ ಸಾಕು, ಅದರ ಮೇಲಿನ ಜಾಗ ಖಾಲಿ. ತೆಂಗಿನ ಮಧ್ಯೆ ಅಂತರ ಬೆಳೆ ಹಾಕ್ತೀವಲ್ಲ, ಹಾಗೆ ಆ ಖಾಲಿ ಜಾಗದಲ್ಲಿ ಇಂಟರ್ನೆಟ್ ಓಡಿಸೋದೇ ಡಿಎಸ್‌ಎಲ್. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಯ್ತು. ಆಗ 256 ಕೆಬಿಪಿಎಸ್ ಬಂದ್ರೂ ಬ್ರಾಡ್‌ಬ್ಯಾಂಡೇ. 2004ರ ಸರ್ಕಾರಿ ನೀತಿ ಹಾಗೇ ಹೇಳಿತ್ತು.

ಆಮೇಲೆ ಎಡಿಎಸ್‌ಎಲ್2+ ಬಂತು, 24 ಎಂಬಿಪಿಎಸ್ ತನಕ. ವಿಡಿಎಸ್‌ಎಲ್2ರಲ್ಲಿ ನೂರರ ಹತ್ತಿರ. ಆದ್ರೆ ಎಕ್ಸ್‌ಚೇಂಜ್ ಅಥವಾ ರಸ್ತೆ ಬದಿಯ ಪೆಟ್ಟಿಗೆ ಪಕ್ಕದಲ್ಲೇ ಇರಬೇಕು. ದೂರ ಹೋದಷ್ಟೂ ತಾಮ್ರ ಸಿಗ್ನಲ್ ನುಂಗುತ್ತೆ. ಡ್ರಿಪ್ ಪೈಪಿನ ಕೊನೇ ಸಾಲಿಗೆ ಪ್ರೆಶರ್ ಬರಲ್ಲವಲ್ಲ, ಅದೇ ಕಥೆ. ಅಕ್ಕನ ಮನೆಗೆ ಎಕ್ಸ್‌ಚೇಂಜ್ ಹತ್ತಿರ, ಅಲ್ಲಿ ಚೆನ್ನಾಗಿ ಬಂತು. ನಮ್ಮೂರು ಆರು ಕಿಲೋಮೀಟರ್ ಆಚೆ. ಮಾತು ಬಂತು, ಇಂಟರ್ನೆಟ್ ಬರಲಿಲ್ಲ. ಪಹಣಿಗೆ ಹೋಬಳಿಗೆ ಹೋಗಿ ಬರೋದ್ರಲ್ಲಿ ಒಂದು ದಿನದ ಕೆಲಸ ಹಾಳು. ತಪ್ಪು ಯಾರದ್ದೂ ಅಲ್ಲ, ದೂರದ್ದು.

ಫೈಬರ್ ಅಂದ್ರೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಅದರೊಳಗೆ ಬೆಳಕು ಓಡುತ್ತೆ. ಮನೆಗಳಿಗೆ ಕೊಡೋ ಫೈಬರ್ 20 ಕಿಲೋಮೀಟರ್ ತನಕ ಸಲೀಸಾಗಿ ಹೋಗುತ್ತೆ. ಪಂಚಾಯಿತಿಗಳಿಗೆ ಫೈಬರ್ ಎಳೆಯೋ ಯೋಜನೆಗೆ 2011ರಲ್ಲಿ ಕೇಂದ್ರ ಒಪ್ಪಿತು; ಈಗ ಅದೇ ಭಾರತ್‌ನೆಟ್. ನಮ್ಮ ಪಂಚಾಯಿತಿ ಕಟ್ಟಡದ ತನಕ ಎಳೆ ಬಂದಿದೆ. ಅಲ್ಲಿಂದ ತೋಟದ ಮನೆಗೆ ಬಂದಿಲ್ಲ. ಇಲ್ಲೂ ನಾವೇ ಕೊನೇ ಸಾಲು! ಒಬ್ಬೊಬ್ಬರೇ ಕೇಳಿದ್ರೆ ಆಗಲ್ಲ, ಹತ್ತು ಮನೆ ಸೇರಿ ಗ್ರಾಮಸಭೆಯಲ್ಲಿ ಅರ್ಜಿ ಕೊಡೋಣ.

ಒಂದು ಮಾತು ಮರೀಬೇಡಿ. ತಾಮ್ರದ ಫೋನಿಗೆ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದಲೇ ಕರೆಂಟ್ ಬರ್ತಿತ್ತು. ಅಪ್ಪನಿಗೆ ಎದೆನೋವು ಬಂದ ಮಳೆ ರಾತ್ರಿ ಊರೆಲ್ಲ ಕತ್ತಲು, ಫೋನ್ ಮಾತ್ರ ಜೀವಂತ. ಅದರಿಂದಲೇ ಗಾಡಿ ಕರೆಸಿದ್ದು. ಗಾಜಿನಲ್ಲಿ ಕರೆಂಟ್ ಹರಿಯಲ್ಲ. ಹಾಗಾಗಿ ಫೈಬರ್ ಹಾಕಿಸೋರು ಆ ಡಬ್ಬಕ್ಕೆ ಒಂದು ಸಣ್ಣ ಯುಪಿಎಸ್ ಇಟ್ಕೊಳ್ಳಿ. ಅಕ್ಕನ ಮಗನಿಗೂ ಅದನ್ನೇ ಹೇಳಿ ಬಂದೆ.

ನಿಮ್ಮ ಪಂಚಾಯಿತಿಯಲ್ಲಿ ಎಲ್ಲಿ ತನಕ ಬಂದಿದೆ? ಬರೀರಿ.