ಕೋಲಾರದ ಕೆಂಪು

ಕೋಲಾರವೆಂದೊಡನೆ ಹೊರಗಿನವರಿಗೆ ನೆನಪಾಗುವುದು ಚಿನ್ನದ ಹಳದಿ. ಆ ಗಣಿಗಳು 2001ರಲ್ಲಿ ಮುಚ್ಚಿದುವು. ಈ ಸೀಮೆಯ ನಿಜವಾದ ಬಣ್ಣ ಕೆಂಪು. ಮುಳಬಾಗಿಲಿನ ಹೊಲದಲ್ಲಿ, ಮಾಲೂರಿನ ಹೆಂಚಿನಲ್ಲಿ, ದೇವಾಲಯದ ಗೋಡೆಯ ಸುಣ್ಣ-ಕೆಮ್ಮಣ್ಣಿನ ಪಟ್ಟೆಯಲ್ಲಿ ಕಾಣುವ ಕೆಂಪೆಲ್ಲ ಕಬ್ಬಿಣದ ಆಕ್ಸೈಡಿನದು. ಕೆಮ್ಮಣ್ಣು, ಕಾವಿ, ಜಾಜು ಎಂದು ನಮ್ಮವರು ಕರೆದದ್ದು ಇದನ್ನೇ. ಶ್ರೀನಿವಾಸಪುರದ ಕಡೆ ತೆಲುಗು ಮನೆಮಾತಿನವರಿಗೆ ಇದು ಎರ್ರಮಟ್ಟಿ.

ಶುದ್ಧವಾದ ಕೆಂಪು ಆಕ್ಸೈಡಿನ 100 ಪಾಲು ತೂಕದಲ್ಲಿ 70 ಪಾಲು ಕಬ್ಬಿಣ, ಉಳಿದದ್ದು ಆಮ್ಲಜನಕ. ಇದು ಬಿಸಿಲಿಗೆ ಮಾಸುವ ಬಣ್ಣವಲ್ಲ.

ಸ್ವಾರಸ್ಯವಿರುವುದು ಬೆಂಕಿಯಲ್ಲಿ. ಆವಿಗೆಯೊಳಗೆ ಗಾಳಿ ಧಾರಾಳವಾಗಿ ಆಡಿದರೆ ಜೇಡಿಯಲ್ಲಿನ ಕಬ್ಬಿಣ ಕೆಂಪಾಗುತ್ತದೆ. ಗಾಳಿಯನ್ನು ಕಟ್ಟಿ ಹೊಗೆಯನ್ನು ಒಳಗೇ ತಡೆದರೆ, ಕಬ್ಬಿಣವು ತನ್ನ ಆಮ್ಲಜನಕದಲ್ಲಿ ಒಂದಿಷ್ಟನ್ನು ಬಿಟ್ಟುಕೊಟ್ಟು, ಮಸಿಯೂ ಕೂಡಿ, ಅದೇ ಮಣ್ಣು ಕಪ್ಪಾಗುತ್ತದೆ. 1980ರ ದಶಕದಲ್ಲಿ ಕೋಲಾರ ಜಿಲ್ಲೆಯ ಬನಹಳ್ಳಿಯಲ್ಲಿ ಅಗೆದಾಗ ಬೃಹತ್ ಶಿಲಾಯುಗದ ನೆಲೆ ದೊರೆಯಿತು. ದಕ್ಷಿಣ ಭಾರತದಲ್ಲೆಲ್ಲ ಆ ಯುಗದ ಗುರುತು ಕಪ್ಪು-ಕೆಂಪು ಮಡಕೆ: ಒಳಗೂ ಬಾಯಂಚೂ ಕಪ್ಪು, ಹೊರಮೈಯ ಕೆಳಭಾಗ ಕೆಂಪು. ಮಡಕೆಯನ್ನು ಬೋರಲು ಹಾಕಿ, ಒಳಕ್ಕೆ ಗಾಳಿ ಹೋಗದಂತೆ ಸುಟ್ಟಿರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಒಂದೇ ಬೆಂಕಿಯಲ್ಲಿ ಎರಡು ಬಣ್ಣ! ರಸಾಯನಶಾಸ್ತ್ರವು ಆಮ್ಲಜನಕಕ್ಕೆ ಹೆಸರಿಟ್ಟದ್ದು 18ನೆಯ ಶತಮಾನದಲ್ಲಿ. ಅದನ್ನು ಹೇಳಿದಂತೆ ಕೇಳಿಸಿದ ಕುಂಬಾರ ಅದಕ್ಕಿಂತ ಎರಡು ಸಾವಿರ ವರ್ಷ ಹಿಂದಿನವನು.

ನಮ್ಮ ಚರಿತ್ರೆಯ ಪುಸ್ತಕಗಳು ಕುವಳಾಲಪುರದ ಗಂಗರನ್ನು ಬಲ್ಲವು, ಆವನಿಯ ದೇಗುಲಗಳನ್ನು ಬಲ್ಲವು. ಈ ಕುಂಬಾರನ ಮಾತೇ ಇಲ್ಲ. ಮಡಕೆಯ ಬಣ್ಣವನ್ನೂ ಶಾಸನದಂತೆ ಓದಬೇಕೆಂದು ನಾನು ತರಗತಿಯಲ್ಲಿ ಹೇಳಿದರೆ ಹುಡುಗರು ನಗುತ್ತಾರೆ, ನಗಲಿ.

ಮಾಲೂರಿನ ಕಥೆ ಈಚಿನದು. 1864ರಲ್ಲಿ ಬೆಂಗಳೂರು–ಜೋಲಾರಪೇಟೆ ರೈಲು ಆ ಊರಿನ ಮೇಲೆ ಓಡಿತು. ಮರುವರ್ಷ ಅತ್ತ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಕಾರ್ಖಾನೆಯ ಹೆಂಚನ್ನು ಹೊರತಂದರು. ಮುಂದೆ ಮಾಲೂರೂ ಹೆಂಚು-ಇಟ್ಟಿಗೆಗೆ ಹೆಸರಾದದ್ದಕ್ಕೆ ಅಲ್ಲಿನ ಜೇಡಿ, ಬೆಂಗಳೂರಿನ ಸಾಮೀಪ್ಯ, ಈ ರೈಲುದಾರಿ ಮೂರೂ ಕಾರಣವೆಂದು ನನ್ನ ಎಣಿಕೆ. ತಾರಸಿ ಮನೆಗಳು ಬಂದವು. ಹೆಂಚು ಮಾಡಿನಿಂದ ಇಳಿಯಿತು. ಕೆಡವಿದ ಮನೆಯ ಹೆಂಚನ್ನು ಹಾದಿಯ ಗುಂಡಿಗೆ ಸುರಿಯುವ ಮುನ್ನ, ಅದರ ಮೈಮೇಲಿನ ಕಾರ್ಖಾನೆಯ ಮುದ್ರೆಯನ್ನಾದರೂ ಯಾರಾದರೂ ಬರೆದಿಟ್ಟುಕೊಳ್ಳಬಾರದೆ? ಒಡೆದ ಅಂಚನ್ನೂ ನೋಡಿ. ನಡುವೆ ಬೂದುಬಣ್ಣದ ತಿರುಳು ಕಂಡರೆ, ಅದನ್ನು ಸುಟ್ಟ ದಿನ ಒಳಗಿನವರೆಗೆ ಗಾಳಿ ಸಾಲಲಿಲ್ಲವೆಂದು ಅರ್ಥ.